ಕುದುರೆ ಸೋತದ್ದು ಎಲ್ಲಿ?

1860ರ ಏಪ್ರಿಲ್ 3ರ ಸಂಜೆ ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಜೋಸೆಫ್ ಪಟ್ಟಣದಿಂದ ಒಂದು ಅಂಚೆ ಚೀಲ ಕುದುರೆಯ ಬೆನ್ನೇರಿ ಪಶ್ಚಿಮಕ್ಕೆ ಹೊರಟಿತು. ಅದು ಸೇರಬೇಕಿದ್ದ ಊರು ಸುಮಾರು 3,100 ಕಿಲೋಮೀಟರ್ ದೂರದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ. ನಡುವೆ ಹುಲ್ಲುಗಾವಲು, ಮರುಭೂಮಿ, ಹಿಮ ಹೊದ್ದ ಸಿಯೆರಾ ನೆವಾಡಾ ಬೆಟ್ಟಸಾಲು. ಸಾರೋಟಿನ ಅಂಚೆಗೆ ಮೂರು ವಾರ ಹಿಡಿಯುತ್ತಿದ್ದ ಕಾಲದಲ್ಲಿ ಈ ಚೀಲ ಹತ್ತೇ ದಿನಗಳಲ್ಲಿ ಮುಟ್ಟಿತು. ಇದೇ 'ಪೋನಿ ಎಕ್ಸ್‌ಪ್ರೆಸ್'.

ನಾಗಾಲೋಟದಲ್ಲಿ ಕುದುರೆ ಗಂಟೆಗೆ 40 ಕಿಲೋಮೀಟರ್ ವೇಗ ದಾಟಬಲ್ಲದು. ಆದರೆ ಕೆಲವೇ ಕಿಲೋಮೀಟರ್‌ಗಳಲ್ಲಿ ಮೈ ಕಾದು, ಸ್ನಾಯು ದಣಿದು ಏದುಸಿರು ಬಿಡುತ್ತದೆ. ಹಾಗಾಗಿ 16ರಿಂದ 24 ಕಿಲೋಮೀಟರ್‌ಗೊಂದು ಠಾಣೆ, ಅಲ್ಲಿ ದಣಿವಾರಿಸಿಕೊಂಡ ಹೊಸ ಕುದುರೆ. ಕಾಗದಗಳಿದ್ದದ್ದು 'ಮೊಚೀಲಾ' ಎಂಬ ತೊಗಲಿನ ಹೊದಿಕೆಯ ನಾಲ್ಕು ಜೇಬುಗಳಲ್ಲಿ. ಸವಾರ ಅದನ್ನು ಹಳೆಯ ಕುದುರೆಯ ಜೀನಿನಿಂದ ಎಳೆದು ಹೊಸದರ ಮೇಲೆ ಹಾಕಿ ಹಾರಿ ಕೂರುತ್ತಿದ್ದ. ನೂರೈವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಸವಾರನೂ ಬದಲು. ಕುದುರೆ, ಸವಾರ ಎರಡೂ ನಿಂತರೂ ಚೀಲ ನಿಲ್ಲುತ್ತಿರಲಿಲ್ಲ. ಹಗಲು, ರಾತ್ರಿ, ಬೆಟ್ಟ, ಬಯಲು ಎಲ್ಲ ಸೇರಿಸಿ ಸರಾಸರಿ ವೇಗ ಗಂಟೆಗೆ 13 ಕಿಲೋಮೀಟರ್. ಹದಿನಾಲ್ಕು ಗ್ರಾಂ ತೂಕದ ಕಾಗದಕ್ಕೆ ಮೊದಮೊದಲು ಐದು ಡಾಲರ್ ದರ. ಜನ ತೆಳು ಹಾಳೆಯಲ್ಲಿ ಬರೆಯುವುದನ್ನು ತಾವಾಗಿಯೇ ಕಲಿತರು.

1861ರ ಅಕ್ಟೋಬರ್ 24ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಪೂರ್ವ, ಪಶ್ಚಿಮದ ಟೆಲಿಗ್ರಾಫ್ ತಂತಿಗಳು ಕೂಡಿದವು. ಎರಡೇ ದಿನಗಳಲ್ಲಿ ಪೋನಿ ಎಕ್ಸ್‌ಪ್ರೆಸ್ ಮುಚ್ಚುವ ಪ್ರಕಟಣೆ ಹೊರಬಿತ್ತು. ಅದರ ಆಯುಸ್ಸು ಹದಿನೆಂಟು ತಿಂಗಳು.

ಕುದುರೆ ಹೋದರೂ ಠಾಣೆ ಉಳಿಯಿತು. ತಂತಿಯಲ್ಲಿ ಹರಿಯುವ ವಿದ್ಯುತ್ತೂ ದೂರ ಹೋದಂತೆ ಸೊರಗುತ್ತದೆ. ಅದಕ್ಕಾಗಿ ನಡುನಡುವೆ 'ರಿಲೇ' ಇಟ್ಟರು. ಸೊರಗಿ ಬಂದ ವಿದ್ಯುತ್ತು ಒಂದು ವಿದ್ಯುತ್ಕಾಂತಕ್ಕೆ ಜೀವ ತುಂಬುವಷ್ಟು ಉಳಿದಿದ್ದರೆ ಸಾಕು, ಅದು ಮುಂದಿನ ಬ್ಯಾಟರಿಯ ದಾರಿ ತೆರೆಯುತ್ತದೆ. ಆರುವ ದೀಪದಿಂದ ಇನ್ನೊಂದನ್ನು ಹೊತ್ತಿಸಿಕೊಂಡ ಹಾಗೆ. ಇಂದು ಮಾಹಿತಿ ಸಾಗಿಸುವ ಗಾಜಿನ ಎಳೆಗಳಲ್ಲೂ ಸುಮಾರು 80 ಕಿಲೋಮೀಟರ್‌ಗೊಮ್ಮೆ ಬೆಳಕಿಗೆ ಕಸುವು ತುಂಬುವ ವರ್ಧಕಗಳಿರುತ್ತವೆ.

ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಕುದುರೆ ಹತ್ತು ದಿನ ಓಡಿದಷ್ಟು ದೂರಕ್ಕೆ ಅದಕ್ಕೆ ಬೇಕಾದದ್ದು 16 ಮಿಲಿಸೆಕೆಂಡು. ನೀವೊಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಅದು ಆರು ಸಲ ಆ ದಾರಿ ಮುಗಿಸಿರುತ್ತದೆ.

ಹಾಗಾದರೆ ಕುದುರೆ ಎಲ್ಲದರಲ್ಲೂ ಸೋತಿತೇ? ಲೆಕ್ಕ ಹಾಕೋಣ. ಮೊಚೀಲಾದಲ್ಲಿ ಸುಮಾರು 9 ಕಿಲೋ ಅಂಚೆ ಹಿಡಿಯುತ್ತಿತ್ತು. ಮೊಬೈಲಿಗೆ ಹಾಕುವ ಮೆಮೊರಿ ಕಾರ್ಡಿನ ತೂಕ ಕಾಲು ಗ್ರಾಂ ಎಂದುಕೊಂಡರೆ ಆ ಚೀಲದಲ್ಲಿ 36,000 ಕಾರ್ಡು ತುಂಬಬಹುದು. ಒಂದೊಂದರಲ್ಲೂ ಒಂದು ಟೆರಾಬೈಟ್ ಮಾಹಿತಿ ಇದ್ದರೆ, ಹತ್ತು ದಿನ ತಡವಾಗಿ ಬಂದರೂ ನಮ್ಮ ಕುದುರೆ ಸೆಕೆಂಡಿಗೆ ಸುಮಾರು 330 ಗಿಗಾಬಿಟ್ ಸಾಗಿಸಿದಂತಾಯಿತು! ಅಷ್ಟನ್ನೇ ಮನೆಯ 100 ಮೆಗಾಬಿಟ್ ಸಂಪರ್ಕದಲ್ಲಿ ಇಳಿಸಿಕೊಳ್ಳಲು ಹೊರಟರೆ ತೊಂಬತ್ತು ವರ್ಷ ಬೇಕು.

ಇದು ಬರೀ ತಮಾಷೆಯ ಲೆಕ್ಕವಲ್ಲ. 2019ರಲ್ಲಿ ಪ್ರಕಟವಾದ ಕಪ್ಪುಕುಳಿಯ ಮೊದಲ ಚಿತ್ರಕ್ಕಾಗಿ ದೂರದರ್ಶಕಗಳು ಕಲೆಹಾಕಿದ ಮಾಹಿತಿ ಅಂತರಜಾಲಕ್ಕೆ ಹೊರಲಾಗದಷ್ಟಿತ್ತು. ಹಾರ್ಡ್ ಡಿಸ್ಕುಗಳನ್ನೇ ವಿಮಾನದಲ್ಲಿ ಅಮೆರಿಕ, ಜರ್ಮನಿಯ ಕೇಂದ್ರಗಳಿಗೆ ಸಾಗಿಸಿದರು. ದಕ್ಷಿಣ ಧ್ರುವದ ಡಿಸ್ಕುಗಳಂತೂ ಅಲ್ಲಿನ ಚಳಿಗಾಲ ಕಳೆದು ವಿಮಾನ ಇಳಿಯುವವರೆಗೆ ಕಾಯಬೇಕಾಯಿತು.

ನಲ್ಲಿ ತಿರುಗಿಸಿದ ಕೂಡಲೇ ನೀರು ಬರುತ್ತದೆ, ಸಣ್ಣಗೆ. ಟ್ಯಾಂಕರ್ ಬರುವುದು ತಡ, ಬಂದರೆ ಸಂಪು ತುಂಬುತ್ತದೆ. 'ವೇಗ' ಎಂಬ ಒಂದೇ ಮಾತಿನಲ್ಲಿ ಈ ಎರಡನ್ನೂ ನಾವು ಬೆರೆಸುತ್ತೇವೆ. ಕುದುರೆ ಸೋತದ್ದು ಮೊದಲ ಅಕ್ಷರ ಮುಟ್ಟಿಸುವುದರಲ್ಲಿ. ಹೊರೆ ಹೊರುವುದರಲ್ಲಿ ಅಲ್ಲ. ಇಂಟರ್ನೆಟ್ ಕಂಪನಿಯವರು 'ನೂರು ಮೆಗಾಬಿಟ್' ಎಂದಾಗ ಹೇಳುತ್ತಿರುವುದು ಹೊರೆಯ ಲೆಕ್ಕ. ವಿಡಿಯೊ ಕರೆಯಲ್ಲಿ ಆ ಕಡೆಯ ಮಾತು ತಡವಾಗಿ ಕೇಳಿಸಿದರೆ, ವಿಳಂಬ ಎಷ್ಟು ಮಿಲಿಸೆಕೆಂಡು ಎಂದೂ ಅವರನ್ನು ಕೇಳಿ.