ತೊಗರಿಯ ನೆಟೆ ರೋಗ ಮತ್ತು ಗೊಡ್ಡು ರೋಗ: ರೋಗಕಾರಕವನ್ನು ಗುರುತಿಸುವ ಬಗೆ

ಬೀದರ್ ಜಿಲ್ಲೆಯ ಮುಂಗಾರು ಬೆಳೆಗಳಲ್ಲಿ ತೊಗರಿಯು ಪ್ರಮುಖವಾದುದು. ಭಾಲ್ಕಿ, ಔರಾದ್ ಮುಂತಾದ ತಾಲ್ಲೂಕುಗಳ ರೈತರು ಬೀದರ್ ನಗರದ ಗಾಂಧಿ ಗಂಜಿಗೆ ತರುವ ತೊಗರಿಯ ಪ್ರಮಾಣವನ್ನು ಎರಡು ರೋಗಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ. ಅವು ನೆಟೆ ರೋಗ ಮತ್ತು ಗೊಡ್ಡು ರೋಗ. 2022ರ ಮುಂಗಾರು ಹಂಗಾಮಿನಲ್ಲಿ ಕಲಬುರಗಿ ವಿಭಾಗದಲ್ಲಿ ನೆಟೆ ರೋಗದಿಂದ ವ್ಯಾಪಕ ಹಾನಿಯುಂಟಾಯಿತು. ಈ ಎರಡು ರೋಗಗಳ ಕಾರಕಗಳು ಬೇರೆ ಬೇರೆಯಾಗಿದ್ದು, ಒಂದಕ್ಕೆ ಕೈಗೊಳ್ಳುವ ಕ್ರಮವು ಇನ್ನೊಂದಕ್ಕೆ ಫಲಕಾರಿಯಾಗುವುದಿಲ್ಲ. ಆದ್ದರಿಂದ ಔಷಧಿ ಕೊಳ್ಳುವ ಮೊದಲು ರೋಗಕಾರಕವನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ.

1. ನೆಟೆ ರೋಗ

ಇದು ಮಣ್ಣಿನಲ್ಲಿ ವಾಸಿಸುವ ಶಿಲೀಂಧ್ರದಿಂದ ಬರುತ್ತದೆ. ಬಿಹಾರದ ಪೂಸಾ ಸಂಶೋಧನಾ ಸಂಸ್ಥೆಯಲ್ಲಿದ್ದ ಇ. ಜೆ. ಬಟ್ಲರ್ ಅವರು 1910ರಲ್ಲಿ ಇದಕ್ಕೆ ಫ್ಯುಸೇರಿಯಂ ಉಡಂ ಎಂದು ಹೆಸರಿಟ್ಟರು. ಶಿಲೀಂಧ್ರವು ಬೇರಿನ ಮೂಲಕ ಒಳಸೇರಿ ನೀರು ಸಾಗಿಸುವ ನಾಳಗಳನ್ನು ಮುಚ್ಚುವುದರಿಂದ ತೇವಾಂಶವಿದ್ದರೂ ಗಿಡವು ಬಾಡುತ್ತದೆ. ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಕಾಣಿಸುತ್ತದೆ. ಕಾಂಡವನ್ನು ಸೀಳಿದಾಗ ಒಳಗೆ ಕಂದು ಅಥವಾ ಕಪ್ಪು ಗೆರೆಗಳು ಕಂಡುಬರುತ್ತವೆ. ಕಾಯಿ ಕಟ್ಟುವ ಮೊದಲೇ ರೋಗ ಬಂದರೆ ಗಿಡದ ಸಂಪೂರ್ಣ ಇಳುವರಿ ನಷ್ಟವಾಗಬಹುದು.

2. ಗೊಡ್ಡು ರೋಗ

ಈ ಗಿಡಗಳು ಬಾಡುವುದಿಲ್ಲ. ಎಲೆಗಳು ಚಿಕ್ಕದಾಗಿ, ತಿಳಿ ಹಸಿರು ಮಚ್ಚೆಗಳಿಂದ ಕೂಡಿರುತ್ತವೆ. ಗಿಡವು ಪೊದೆಯಂತೆ ಬೆಳೆದು ಹೂ ಬಿಡುವುದಿಲ್ಲ. 1931ರಲ್ಲಿಯೇ ದಾಖಲಾದ ಈ ರೋಗವು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಹರಡುತ್ತದೆಂದು ನಂತರ ತಿಳಿದುಬಂದರೂ, ಕಾರಕವು ಸುಮಾರು 70 ವರ್ಷ ಪತ್ತೆಯಾಗಲಿಲ್ಲ. ಬೀದರ್‌ನಿಂದ ಹೈದರಾಬಾದಿಗೆ ಹೋಗುವ ಮಾರ್ಗದಲ್ಲಿರುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಸ್ಕಾಟ್ಲೆಂಡಿನ ವಿಜ್ಞಾನಿಗಳೊಡನೆ ನಡೆಸಿದ ಸಂಶೋಧನೆಯಿಂದ, ಇದಕ್ಕೆ ಅತಿ ತೆಳುವಾದ ಎಳೆಯಂತಹ ವೈರಾಣು ಕಾರಣವೆಂಬುದು 2003ರ ವೇಳೆಗೆ ಬೆಳಕಿಗೆ ಬಂದಿತು. ಅನಂತರದ ಅಧ್ಯಯನಗಳು ಇಂತಹ ಎರಡು ವೈರಾಣುಗಳನ್ನು ಗುರುತಿಸಿವೆ.

3. ಪ್ರಯೋಗಾಲಯದಲ್ಲಿ ಖಚಿತಪಡಿಸುವ ಕ್ರಮ

ನೆಟೆ ರೋಗದ ಸಂದರ್ಭದಲ್ಲಿ ಕಾಂಡದ ತುಂಡುಗಳ ಹೊರಮೈಯನ್ನು ಶುದ್ಧೀಕರಿಸಿ ಪೋಷಕ ಮಾಧ್ಯಮದಲ್ಲಿಡಲಾಗುತ್ತದೆ. ಅದರಲ್ಲಿ ಬೆಳೆದ ಶಿಲೀಂಧ್ರದ ಬೀಜಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ಹೊಸ ಕಾರಕವೆಂಬ ಸಂದೇಹವಿದ್ದಲ್ಲಿ ಆರೋಗ್ಯವಂತ ಗಿಡಕ್ಕೆ ಅದನ್ನು ಸೋಂಕಿಸಿ, ಅದೇ ಲಕ್ಷಣ ಕಂಡು, ಅದೇ ಶಿಲೀಂಧ್ರ ಮತ್ತೆ ದೊರೆತರೆ ಮಾತ್ರ ಕಾರಕವೆಂದು ನಿರ್ಧರಿಸಲಾಗುತ್ತದೆ. ವೈರಾಣುವು ಮಾಧ್ಯಮದಲ್ಲಿ ಬೆಳೆಯುವುದಿಲ್ಲವಾದ್ದರಿಂದ ಎಲೈಸಾ ಅಥವಾ ಪಿಸಿಆರ್ ಪರೀಕ್ಷೆ ಅಗತ್ಯ.

4. ನಿರ್ವಹಣೆಯಲ್ಲಿನ ವ್ಯತ್ಯಾಸ

ಅ) ನೆಟೆ ರೋಗ: ಶಿಲೀಂಧ್ರವು ಬೆಳೆಯ ಕೂಳೆಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಜೋಳದೊಡನೆ ಬೆಳೆ ಪರಿವರ್ತನೆ ಹಾಗೂ ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಬೀಜೋಪಚಾರ ಸೂಕ್ತ.

ಆ) ಗೊಡ್ಡು ರೋಗ: ಶಿಲೀಂಧ್ರನಾಶಕದಿಂದ ಪ್ರಯೋಜನವಿಲ್ಲ. ರೋಗಪೀಡಿತ ಗಿಡಗಳನ್ನು ಆರಂಭದಲ್ಲಿಯೇ ಕಿತ್ತು ನಾಶಪಡಿಸುವುದು, ಹಿಂದಿನ ವರ್ಷದ ಕೂಳೆ ಗಿಡಗಳನ್ನು ಉಳಿಸದಿರುವುದು ಮತ್ತು ಶಿಫಾರಸಿನ ಮೇರೆಗೆ ನುಸಿ ನಿಯಂತ್ರಿಸುವುದು ಅಗತ್ಯ.

ಇ) ತಳಿ: ಮಾರುತಿ (ಐಸಿಪಿ 8863) ನೆಟೆ ರೋಗವನ್ನು ತಡೆದುಕೊಂಡರೂ ಗೊಡ್ಡು ರೋಗಕ್ಕೆ ತುತ್ತಾಗುತ್ತದೆ. ಆಶಾ (ಐಸಿಪಿಎಲ್ 87119) ಹಾಗೂ ಬಿಎಸ್‌ಎಂಆರ್ 736 ತಳಿಗಳು ಎರಡಕ್ಕೂ ನಿರೋಧಕವೆಂದು ಬಿಡುಗಡೆಯಾದವು. ಹೊಲದಲ್ಲಿರುವ ರೋಗ ಯಾವುದೆಂದು ತಿಳಿಯದೆ ತಳಿಯನ್ನು ಆಯ್ಕೆ ಮಾಡಿದಲ್ಲಿ ಒಂದು ಇಡೀ ವರ್ಷದ ಶ್ರಮ ವ್ಯರ್ಥವಾಗಬಹುದು.

5. ಮಾದರಿ ಸಲ್ಲಿಸುವವರ ಗಮನಕ್ಕೆ

* ಪೂರ್ಣ ಒಣಗಿದ ಗಿಡ ಬೇಡ. ಬಾಡಲಾರಂಭಿಸಿದ ಗಿಡವನ್ನು ಬೇರು ಮತ್ತು ಬುಡದ ಮಣ್ಣು ಸಮೇತ ತರತಕ್ಕದ್ದು.
* ಗೊಡ್ಡು ರೋಗದ ಸಂಶಯವಿದ್ದಲ್ಲಿ ಮಚ್ಚೆಯಿರುವ ಎಳೆಯ ಎಲೆಗಳನ್ನು ಅಂದೇ ತಲುಪಿಸತಕ್ಕದ್ದು.
* ಮಾದರಿಯನ್ನು ಕಾಗದದಲ್ಲಿ ಸುತ್ತಿ, ಗ್ರಾಮ, ಸರ್ವೆ ಸಂಖ್ಯೆ, ತಳಿ, ಬಿತ್ತನೆ ದಿನಾಂಕ ಹಾಗೂ ಹಿಂದಿನ ಬೆಳೆಯ ವಿವರವನ್ನು ಬರೆದಿಡತಕ್ಕದ್ದು.

ಮೊದಲ ಹಂತದಲ್ಲಿ ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು, ಹೆಚ್ಚಿನ ಸಲಹೆಗೆ ಜನವಾಡದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ರೋಗದಿಂದಾದ ನಷ್ಟಕ್ಕೆ ಬೆಳೆ ವಿಮಾ ಪರಿಹಾರವು ವಿಮಾ ಘಟಕದ ಒಟ್ಟಾರೆ ಇಳುವರಿಯನ್ನು ಆಧರಿಸಿರುತ್ತದೆಯೇ ಹೊರತು, ಪರೀಕ್ಷಾ ವರದಿಯೊಂದರಿಂದಲೇ ದೊರೆಯುವುದಿಲ್ಲ. ಆದರೆ ಮುಂದಿನ ಬಿತ್ತನೆಗೆ ಯಾವ ಬೀಜ ಕೊಳ್ಳಬೇಕು, ಯಾವ ಹೊಲದಲ್ಲಿ ತೊಗರಿಯನ್ನು ಕೈಬಿಡಬೇಕು ಎಂಬುದನ್ನು ನಿರ್ಧರಿಸಲು ಆ ವರದಿಯು ರೈತರಿಗೆ ನೆರವಾಗುತ್ತದೆ.