ಕಲ್ಲಿನ ಮೂಗು ಕೆತ್ತುವಾಗ ನಿಮ್ಮ ಮೂಗು ಜೋಪಾನ

ಉದ್ದನೆಯ ಮುಖ, ಮುಂದಕ್ಕೆ ಚಾಚಿದ ಹುಬ್ಬು, ನೀಳವಾದ ಮೂಗು, ಬಿಗಿದ ತುಟಿ. ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದ ಕಲ್ಲಿನ ತಲೆಗಳ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಅಲ್ಲಿನ ಪಾಲಿನೇಷ್ಯ ಮೂಲದ ಜನ ತಮ್ಮ ಹಿರಿಯರ ನೆನಪಿಗಾಗಿ ಇಂತಹ ಸುಮಾರು 900 ಮೂರ್ತಿಗಳನ್ನು ಕೆತ್ತಿದ್ದಾರೆ. ಅವುಗಳನ್ನು 'ಮೊಆಯಿ' ಎಂದು ಕರೆಯುತ್ತಾರೆ. ಬರೀ ತಲೆ ಎಂದು ನಾವು ತಿಳಿದಿರುವ ಹಲವು ಮೂರ್ತಿಗಳಿಗೆ ಮಣ್ಣಿನಲ್ಲಿ ಹೂತುಹೋದ ಮುಂಡವೂ ಉಂಟು. 1995ರಲ್ಲಿ ಯುನೆಸ್ಕೊ ಈ ತಾಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಮುಖದ ಗೆರೆಗಳು ಸರಳ. ಆದ್ದರಿಂದ ಹೊಸದಾಗಿ ಉಳಿ ಹಿಡಿದವರಿಗೂ ಸುಮಾರಾಗಿ ಒಲಿಯುತ್ತದೆ. ಕಲ್ಲು, ಸಿಮೆಂಟ್, ಮಣ್ಣು, ಮರ, ಥರ್ಮೊಕೋಲ್ ಹೀಗೆ ಕೈಗೆ ಸಿಕ್ಕಿದ್ದರಲ್ಲಿ ಇಂತಹ ತಲೆಗಳನ್ನು ಮಾಡಿ ಅಂಗಳದಲ್ಲಿ ನಿಲ್ಲಿಸುವ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. ನಮ್ಮಲ್ಲಿಯೂ ಈ ಕೈಚಳಕಕ್ಕೆ ಬರವಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಎರೆಮಣ್ಣು ಕಲಸಿ ಎತ್ತು ಮಾಡುವ ಮಕ್ಕಳು, ಚೌತಿಗೆ ತಾವೇ ಗಣಪನನ್ನು ಮಾಡುವ ಮನೆಗಳು ಬಳ್ಳಾರಿಯಲ್ಲಿಯೂ ಸಿರುಗುಪ್ಪದಲ್ಲಿಯೂ ಇವೆ. ಕುರುಗೋಡಿನ ದೊಡ್ಡ ಬಸವೇಶ್ವರ ದೇವಸ್ಥಾನದಲ್ಲಿ ಆಳೆತ್ತರ ಮೀರಿದ ಏಕಶಿಲೆಯ ಬಸವಣ್ಣನನ್ನು ಕಂಡವರಿಗೆ ತಾವೂ ಒಂದು ಸಣ್ಣ ಕಲ್ಲಿಗೆ ಉಳಿ ಇಡೋಣ ಎನಿಸಿದರೆ ಆಶ್ಚರ್ಯವಿಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲು ಗುಡ್ಡದಲ್ಲಂತೂ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದರು. ಕಲ್ಲಿನ ಕೆಲಸ ಈ ನೆಲಕ್ಕೆ ಸಾವಿರಾರು ವರ್ಷ ಹಳೆಯದು.

ಹವ್ಯಾಸ ಒಳ್ಳೆಯದೇ. ನಿವೃತ್ತರಿಗೆ ಹೊತ್ತು ಹೋಗುತ್ತದೆ, ಬೆರಳುಗಳಿಗೆ ವ್ಯಾಯಾಮ ಸಿಗುತ್ತದೆ, ಮಕ್ಕಳ ಕಣ್ಣು ಟಿ.ವಿ. ಮತ್ತು ಮೊಬೈಲ್‌ನಿಂದ ಈಚೆಗೆ ಬರುತ್ತದೆ. ಇದನ್ನು ಬಿಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಕೆತ್ತುವಾಗ ಏಳುವ ದೂಳು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮನೆಯವರೆಲ್ಲ ತಿಳಿದಿರಬೇಕು.

ಉಳಿಯೂ ಗ್ರೈಂಡರೂ ಒಂದೇ ಅಲ್ಲ

ಸಿರುಗುಪ್ಪ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮೂರು ತಿಂಗಳ ಕೆಮ್ಮಿಗೆಂದು ನನ್ನಲ್ಲಿಗೆ ಬಂದಿದ್ದರು. "ಬೀಡಿ, ಸಿಗರೇಟು ಮುಟ್ಟಿದವನಲ್ಲ ಡಾಕ್ಟ್ರೇ, ಈ ಕೆಮ್ಮು ಎಲ್ಲಿಂದ ಬಂತ್ರಿ?" ಎಂದರು. ಕೆಲಸವೇನು ಎಂದು ಕೇಳಿದಾಗ ಹೊರಬಿದ್ದ ವಿಷಯ ಇದು: ಮನೆಯ ಹಿಂದಿನ ಮುಚ್ಚಿದ ಪಡಸಾಲೆಯಲ್ಲಿ ಕೂತು ಗ್ರಾನೈಟ್ ತುಂಡುಗಳಲ್ಲಿ ಮುಖ ಕೆತ್ತುತ್ತಿದ್ದರು. ಮೊದಲು ಉಳಿ, ಸುತ್ತಿಗೆ ಹಿಡಿಯುತ್ತಿದ್ದವರು ಬೇಗ ಮುಗಿಯಲೆಂದು ಗ್ರೈಂಡರ್ ಮಷಿನ್ ತಂದಿದ್ದರು. ಕೆಮ್ಮು ಶುರುವಾದದ್ದು ಮಷಿನ್ ಬಂದ ಮೇಲೆ. ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ ಮೊಮ್ಮಗನಿಗೂ ಉಬ್ಬಸ ಹೆಚ್ಚಾಗಿತ್ತು.

ಉಳಿಯಿಂದ ಹೊಡೆದಾಗ ಕಲ್ಲು ಹೆಚ್ಚಾಗಿ ಚಕ್ಕೆಯಾಗಿ ಹಾರುತ್ತದೆ. ಚಕ್ಕೆ ಭಾರ, ಕೆಳಗೆ ಬೀಳುತ್ತದೆ. ವೇಗವಾಗಿ ತಿರುಗುವ ಮಷಿನ್ನಿನ ಬಿಲ್ಲೆಯಾದರೋ ಅದೇ ಕಲ್ಲನ್ನು ಹಿಟ್ಟು ಮಾಡುತ್ತದೆ. ದಪ್ಪ ದೂಳು ನಮ್ಮ ಮೂಗಿನ ಕೂದಲಿನಲ್ಲಿ, ಗಂಟಲಿನ ಲೋಳೆಯಲ್ಲಿ ಸಿಕ್ಕಿಕೊಂಡು ಸೀನು, ಕಫದೊಂದಿಗೆ ಹೊರಬೀಳುತ್ತದೆ. ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಸಣ್ಣ ಕಣ ಹಾಗಲ್ಲ. ಅದು ಈ ಕಾವಲನ್ನೆಲ್ಲ ದಾಟಿ ಪುಪ್ಪುಸದ ಕಟ್ಟಕಡೆಯ ಗಾಳಿಚೀಲಗಳಿಗೆ ಇಳಿಯುತ್ತದೆ. ಇಷ್ಟು ಸಣ್ಣ ಕಣ ಕಣ್ಣಿಗೆ ಕಾಣುವುದಿಲ್ಲ, ಬೇಗ ನೆಲಕ್ಕೂ ಇಳಿಯುವುದಿಲ್ಲ. ಕೆಲಸ ನಿಲ್ಲಿಸಿದ ಎಷ್ಟೋ ಹೊತ್ತಿನ ನಂತರವೂ ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲುತ್ತಿರುತ್ತದೆ.

ಸಿಲಿಕೋಸಿಸ್ ಎಂದರೇನು?

ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ಕ್ವಾರ್ಟ್ಸ್ ಇರುತ್ತದೆ. ಕ್ವಾರ್ಟ್ಸ್ ಎಂದರೆ ಹರಳು ರೂಪದ ಸಿಲಿಕಾ. ಪುಪ್ಪುಸವನ್ನು ಸೇರಿದ ಸಿಲಿಕಾ ಕಣವನ್ನು ದೇಹದ ಕಾವಲು ಕೋಶಗಳು ನುಂಗುತ್ತವೆ. ಆದರೆ ಅರಗಿಸಿಕೊಳ್ಳಲಾರದೆ ತಾವೇ ಸಾಯುತ್ತವೆ. ಆ ಜಾಗದಲ್ಲಿ ಉರಿಯೂತವಾಗಿ, ಗಾಯ ಮಾಯ್ದ ಕಲೆಯಂತಹ ಗಟ್ಟಿ ಗಂಟುಗಳು ಕಟ್ಟುತ್ತವೆ. ಸ್ಪಂಜಿನಂತಿರಬೇಕಾದ ಪುಪ್ಪುಸ ಬರಬರುತ್ತ ಬಿಗಿಯಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ಒಮ್ಮೆ ಬಂದರೆ, ದೂಳಿನ ಕೆಲಸ ಬಿಟ್ಟ ನಂತರವೂ ಮುಂದುವರಿಯಬಹುದು. ಸಿಲಿಕೋಸಿಸ್ ಇದ್ದವರಿಗೆ ಕ್ಷಯರೋಗ ತಗಲುವ ಸಾಧ್ಯತೆಯೂ ಹೆಚ್ಚು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಈ ದೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ನಮ್ಮ ರಾಜ್ಯಕ್ಕೆ ಈ ಕಾಯಿಲೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ 1940ರ ದಶಕದಲ್ಲಿಯೇ ವೈದ್ಯರು ಇದನ್ನು ದಾಖಲಿಸಿದ್ದರು. ಜೀನ್ಸ್ ಉಡುಪಿಗೆ ಹೆಸರಾದ ಬಳ್ಳಾರಿಯವರು ಟರ್ಕಿ ದೇಶದ ಉದಾಹರಣೆಯನ್ನೂ ತಿಳಿದಿರಬೇಕು. ಅಲ್ಲಿ ಜೀನ್ಸ್ ಬಟ್ಟೆಗೆ ಮಾಸಲು ಬಣ್ಣ ಬರಲೆಂದು ಮರಳನ್ನು ರಭಸವಾಗಿ ಊದುವ ಕೆಲಸ ಮಾಡಿದ ಯುವಕರಿಗೆ ಕೆಲವೇ ವರ್ಷಗಳಲ್ಲಿ ಸಿಲಿಕೋಸಿಸ್ ಬಂತು. 2009ರಲ್ಲಿ ಆ ವಿಧಾನವನ್ನೇ ಅಲ್ಲಿ ನಿಷೇಧಿಸಲಾಯಿತು.

ಹಾಗೆಂದು ಗಾಬರಿ ಬೇಡ. ಈ ಕಾಯಿಲೆ ಒಳಹೋದ ದೂಳಿನ ಪ್ರಮಾಣವನ್ನೂ ವರ್ಷಗಳನ್ನೂ ಅವಲಂಬಿಸಿದೆ. ಸಾಮಾನ್ಯವಾಗಿ 10 ವರ್ಷ ಮೀರಿದ ಮೇಲೆ ಕಾಣಿಸಿಕೊಳ್ಳುತ್ತದೆ. ದೂಳು ವಿಪರೀತವಾದರೆ ಬೇಗ ಬರುತ್ತದೆ. ಭಾನುವಾರ ಒಂದೆರಡು ತಾಸು ಬಯಲಿನಲ್ಲಿ ಕೂತು ಉಳಿಯಿಂದ ಕೆತ್ತುವವರಿಗೆ ಅಪಾಯ ಕಡಿಮೆ. ಮುಚ್ಚಿದ ಕೋಣೆಯಲ್ಲಿ, ಒಣ ಕಲ್ಲಿನ ಮೇಲೆ, ದಿನವೂ ಮಷಿನ್ ಓಡಿಸುವವರಿಗೆ ಅಪಾಯ ಹೆಚ್ಚು. ಮೇಷ್ಟ್ರ ಎಕ್ಸ್-ರೇ ಸರಿಯಾಗಿತ್ತು, ಕಫದಲ್ಲಿ ಕ್ಷಯದ ರೋಗಾಣು ಇರಲಿಲ್ಲ. ಶ್ವಾಸನಾಳ ಕೆರಳಿತ್ತು, ಅಷ್ಟೇ. ಮಷಿನ್ ಬದಿಗಿಟ್ಟು, ಬಯಲಿಗೆ ಬಂದು, ಕಲ್ಲು ನೆನೆಸಿ ಕೆತ್ತಲು ಶುರು ಮಾಡಿದ ಕೆಲವು ವಾರಗಳಲ್ಲಿ ಕೆಮ್ಮು ನಿಂತಿತು. ಮೊಮ್ಮಗನ ಉಬ್ಬಸವೂ ಹತೋಟಿಗೆ ಬಂತು.

ಯಾವ ವಸ್ತುವಿಗೆ ಯಾವ ಎಚ್ಚರ?

ಕಲ್ಲು: ಮರಳುಗಲ್ಲಿನಲ್ಲಿ ಸಿಲಿಕಾ ಗ್ರಾನೈಟ್‌ಗಿಂತಲೂ ಹೆಚ್ಚು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಮೃದು, ಹೊಸಬರಿಗೆ ಅನುಕೂಲ. ಆದರೆ ಕೆಲವು ಗಣಿಗಳ ಬಳಪದ ಕಲ್ಲಿನಲ್ಲಿ ಕಲ್ನಾರಿನ ಎಳೆಗಳು ಬೆರೆತಿರುವುದುಂಟು. ಆದ್ದರಿಂದ ಅದರ ದೂಳೂ ಬೇಡ. ಅಡುಗೆಕಟ್ಟೆಗೆ ಹಾಕಿ ಉಳಿದ ಕೃತಕ ಕ್ವಾರ್ಟ್ಸ್ ಹಲಗೆಯ ತುಂಡನ್ನಂತೂ ಮನೆಯಲ್ಲಿ ಕತ್ತರಿಸಲೇಬೇಡಿ. ಅಂತಹ ಹಲಗೆಗಳಲ್ಲಿ ಸಿಲಿಕಾ ಶೇ 90ನ್ನು ಮೀರುವುದುಂಟು. ಇವುಗಳನ್ನು ಕತ್ತರಿಸುವ ಯುವ ಕೆಲಸಗಾರರಲ್ಲಿ ಸಿಲಿಕೋಸಿಸ್ ಕಂಡದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂತಹ ಕೃತಕ ಕಲ್ಲನ್ನೇ ನಿಷೇಧಿಸಿದೆ.

ಮಣ್ಣು: ಹಸಿಮಣ್ಣಿನಷ್ಟು ನಿರಪಾಯದ ವಸ್ತು ಇನ್ನೊಂದಿಲ್ಲ, ಮಕ್ಕಳಿಗೆ ಇದೇ ಸರಿ. ಎರೆಮಣ್ಣು ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆಂದು ಅದಕ್ಕೆ ಭತ್ತದ ಹೊಟ್ಟು ಬೆರೆಸುತ್ತಾರೆ. ಬೂಷ್ಟು ಹಿಡಿದ ಹೊಟ್ಟು ಉಬ್ಬಸದವರಿಗೆ ಆಗದು. ಸಿರುಗುಪ್ಪದಂತಹ ಭತ್ತದ ಸೀಮೆಯಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಸುಲಭವಾಗಿ ಸಿಗುತ್ತದೆಂದು ಅದನ್ನು ಒಣದಾಗಿ ಕೈಯಿಂದ ಬೆರೆಸಬೇಡಿ. ಆ ಬೂದಿಯ ಬಹುಭಾಗ ಸಿಲಿಕಾ. ಹೆಚ್ಚಿನ ಶಾಖದಲ್ಲಿ ಉರಿದಿದ್ದರೆ ಅದರಲ್ಲಿಯೂ ಹರಳು ರೂಪದ ಸಿಲಿಕಾ ಇರುತ್ತದೆ. ಒಣಗಿದ ಮೂರ್ತಿಯನ್ನು ಉಪ್ಪುಕಾಗದದಿಂದ ತಿಕ್ಕುವ ಬದಲು ಹಸಿಯಿದ್ದಾಗಲೇ ಒದ್ದೆ ಬಟ್ಟೆಯಿಂದ ನುಣುಪು ಮಾಡಿ.

ಪ್ಲಾಸ್ಟರ್ ಆಫ್ ಪ್ಯಾರಿಸ್: ನೀರು ಬೆರೆಸಿದಾಗ ಇದು ಬಿಸಿಯಾಗುತ್ತದೆ. ದೊಡ್ಡ ಗಾತ್ರದಲ್ಲಿ ಕಲಸಿದರೆ ಬಿಸಿ 60 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು. ಆ ಬಿಸಿಯಲ್ಲಿ ಚರ್ಮ ಸುಡಲು ಕೆಲವೇ ಸೆಕೆಂಡು ಸಾಕು. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರ ಕಲಾ ತರಗತಿಯಲ್ಲಿ 16 ವರ್ಷದ ಹುಡುಗಿ ಅಚ್ಚು ತೆಗೆಯಲೆಂದು ಪ್ಲಾಸ್ಟರಿನಲ್ಲಿ ಕೈ ಇಟ್ಟಳು. ಅದು ಗಟ್ಟಿಯಾಗಿ ಕೈ ಸಿಕ್ಕಿಕೊಂಡು, ಸುಟ್ಟು, ಹೆಚ್ಚಿನ ಬೆರಳುಗಳನ್ನು ಕಳೆದುಕೊಂಡಳು. ಮಕ್ಕಳ ಕೈ, ಮುಖದ ಅಚ್ಚನ್ನು ಇದರಿಂದ ತೆಗೆಯುವ ಆಟ ಖಂಡಿತ ಬೇಡ.

ಸಿಮೆಂಟ್: ಹಸಿ ಸಿಮೆಂಟ್ ಸುಣ್ಣದಂತೆ ಪ್ರಬಲ ಕ್ಷಾರ. ಸುಡುವುದು ಒಡನೆ ಗೊತ್ತಾಗುವುದಿಲ್ಲ. ಕೆಲವು ತಾಸಿನ ನಂತರ ಚರ್ಮ ಕೆಂಪಾಗಿ, ಬಿರಿದು ಗಾಯವಾಗುತ್ತದೆ. ಮೊಣಕಾಲೂರಿ ಕೂತು ಕೆಲಸ ಮಾಡುವವರ ಬಟ್ಟೆಯೊಳಗೆ ನೀರು ಇಳಿದರೆ ಇನ್ನೂ ಕೆಟ್ಟದ್ದು. ರಬ್ಬರ್ ಕೈಗವಸು ಧರಿಸಿ. ಒಣ ಸಿಮೆಂಟಿನ ಮೂರ್ತಿಯನ್ನು ಉಜ್ಜುವಾಗ ಏಳುವ ದೂಳಿನಲ್ಲಿ ಮರಳಿನ ಸಿಲಿಕಾ ಇರುತ್ತದೆ ಎಂಬುದನ್ನು ಮರೆಯದಿರಿ.

ಥರ್ಮೊಕೋಲ್ ಮತ್ತು ರಾಳ: ಬಿಸಿ ತಂತಿಯಿಂದ ಥರ್ಮೊಕೋಲ್ ಕೊಯ್ಯುವಾಗ ಬರುವ ಹೊಗೆ ಕಣ್ಣು, ಗಂಟಲು ಉರಿಸುತ್ತದೆ, ತಲೆನೋವು ತರುತ್ತದೆ. ಕಿಟಕಿ ತೆರೆದಿಡಿ, ತುಂಡುಗಳನ್ನು ಸುಡಬೇಡಿ. ಎಪಾಕ್ಸಿ ರಾಳ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಒಮ್ಮೆ ಅಲರ್ಜಿ ಆದರೆ ಮುಂದೆ ಸ್ವಲ್ಪ ತಗುಲಿದರೂ ತುರಿಕೆ ಏಳುತ್ತದೆ.

ಬಣ್ಣ: ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ನಮ್ಮ ದೇಶದಲ್ಲಿ ಜಾರಿಯಲ್ಲಿದೆ. ಅದಕ್ಕಿಂತ ಹಿಂದಿನ ಹಳೆಯ ಡಬ್ಬಿ ಅಟ್ಟದಲ್ಲಿದ್ದರೆ ಮಕ್ಕಳ ಗೊಂಬೆಗೆ ಬಳಸಬೇಡಿ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ.

ಕಣ್ಣು, ಕಿವಿ, ಬೆನ್ನು

ಕಣ್ಣಿಗೆ ಕಲ್ಲಿನ ಚೂರು ಬಿದ್ದರೆ ಉಜ್ಜಬೇಡಿ. ಸೆರಗಿನ ತುದಿ, ಬೆಂಕಿಕಡ್ಡಿ, ನಾಲಿಗೆಯಿಂದ ತೆಗೆಯುವ ಸಾಹಸವೂ ಬೇಡ. ಶುದ್ಧ ನೀರಿನಲ್ಲಿ ತೊಳೆಯಿರಿ. ಆಗಲೂ ಹೋಗದಿದ್ದರೆ, ಅಥವಾ ಚೂರು ರಭಸದಿಂದ ಹಾರಿ ಬಡಿದಿದ್ದರೆ, ಕಣ್ಣಿನ ವೈದ್ಯರಿಗೆ ಅಂದೇ ತೋರಿಸಿ. ಸಿಮೆಂಟ್ ಅಥವಾ ಸುಣ್ಣ ಬಿದ್ದರೆ ಅರ್ಧ ತಾಸು ನೀರು ಸುರಿಯುತ್ತಲೇ ಇದ್ದು, ನಂತರ ಆಸ್ಪತ್ರೆಗೆ ಓಡಿ. ಇವೆಲ್ಲಕ್ಕಿಂತ ಪಕ್ಕವೂ ಮುಚ್ಚುವ ಕನ್ನಡಕ ಮೊದಲೇ ಧರಿಸುವುದು ಅಗ್ಗ.

ಮಷಿನ್ ಸದ್ದಿನಲ್ಲಿ ಒಂದು ಮಾರು ದೂರದವರೊಂದಿಗೆ ಕೂಗಿ ಮಾತನಾಡಬೇಕಾದರೆ ಆ ಸದ್ದು ಕಿವಿಗೆ ಹೆಚ್ಚಾಯಿತೆಂದೇ ಅರ್ಥ. ವರ್ಷಗಟ್ಟಲೆ ಅದರ ಅದುರಿಕೆ ತಿಂದ ಬೆರಳುಗಳು ಜೋಮು ಹಿಡಿದು, ಚಳಿಯಲ್ಲಿ ಬಿಳಿಚಿಕೊಳ್ಳುತ್ತವೆ. ಇನ್ನು ಬೆನ್ನು: ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ ತೂಗುತ್ತದೆ. ನೋಡಲು ಸಣ್ಣದೆಂದು ಒಬ್ಬರೇ ಎತ್ತಲು ಹೋಗಬೇಡಿ. ಕೈಗೆ ಗಾಯವಾದರೆ ಧನುರ್ವಾಯು ಚುಚ್ಚುಮದ್ದು ಕಡೆಯ ಬಾರಿ ಯಾವಾಗ ಆಗಿತ್ತೆಂದು ವೈದ್ಯರಿಗೆ ತಿಳಿಸಿ.

ಪಾಲಿಸಬೇಕಾದ ಕ್ರಮ

* ಕೆಲಸ ಬಯಲಿನಲ್ಲಿರಲಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವಂತೆ, ಮನೆಯ ಬಾಗಿಲಿಗೂ ನೆರೆಯವರ ಕಿಟಕಿಗೂ ದೂಳು ಹೋಗದಂತೆ ಕೂರಿ. ಬಳ್ಳಾರಿಯ ಬಿಸಿಲಿಗೆ ಬೆಳಗಿನ ಹೊತ್ತೇ ಸರಿ.

* ಕಲ್ಲನ್ನು ನೆನೆಸಿ, ಕೆತ್ತುತ್ತಿರುವಾಗಲೂ ನೀರು ಚಿಮುಕಿಸುತ್ತಿರಿ. ದೂಳಿಗೆ ಇದಕ್ಕಿಂತ ಸುಲಭ ಮದ್ದಿಲ್ಲ. ಆದರೆ ಸಾಧಾರಣ ವಿದ್ಯುತ್ ಗ್ರೈಂಡರಿಗೆ ನೀರು ತಾಗಿದರೆ ಶಾಕ್ ಹೊಡೆಯುತ್ತದೆ. ನೀರು ಬಳಸುವುದಾದರೆ ಕೈ ಉಳಿ, ಇಲ್ಲವೇ ಅದಕ್ಕೆಂದೇ ತಯಾರಾದ ಮಷಿನ್ ಮಾತ್ರ.

* ಕರ್ಚೀಫು, ಟವೆಲ್ ಸುತ್ತಿಕೊಂಡರೆ ಸಣ್ಣ ಕಣ ನಿಲ್ಲುವುದಿಲ್ಲ. ಎನ್-95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಸಂದಿಯಲ್ಲಿ ದೂಳು ನುಗ್ಗುತ್ತದೆ.

* ಕಸಬರಿಗೆಯಿಂದ ಒಣ ದೂಳು ಗುಡಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದ ಬಟ್ಟೆ ಬದಲಿಸಿ, ಕೈ ಮುಖ ತೊಳೆದ ಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳಿ. ಆ ಬಟ್ಟೆಯನ್ನು ಮನೆಯವರು ಕೊಡವಿ ಒಗೆಯುವುದು ಬೇಡ. ಮೊದಲು ನೀರಿನಲ್ಲಿ ನೆನೆಹಾಕಲಿ.

* ಉಬ್ಬಸದವರು, ಹಿಂದೆ ಕ್ಷಯವಾಗಿದ್ದವರು ದೂಳಿನ ಕೆಲಸದಿಂದ ದೂರವಿದ್ದು ಹಸಿಮಣ್ಣಿನ ಕೆಲಸ ಆರಿಸಿಕೊಳ್ಳುವುದು ಲೇಸು. ಧೂಮಪಾನಿಗಳು ಮೊದಲು ಅದನ್ನು ಬಿಡಲಿ.

ಬೆಲ್ಲ ತಿಂದರೆ ಎದೆಯ ದೂಳು ಇಳಿಯುತ್ತದೆ ಎಂಬ ನಂಬಿಕೆ ಕಲ್ಲಿನ ಕೆಲಸದವರಲ್ಲಿದೆ. ಬೆಲ್ಲ ಹೋಗುವುದು ಹೊಟ್ಟೆಗೆ, ದೂಳು ಇರುವುದು ಪುಪ್ಪುಸದಲ್ಲಿ. ತಿನ್ನುವುದಾದರೆ ರುಚಿಗೆ ತಿನ್ನಿ, ಅದನ್ನು ನಂಬಿ ಮಾಸ್ಕ್ ಕಳಚಬೇಡಿ.

ಎರಡು ವಾರ ಮೀರಿದ ಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು, ತೂಕ ಇಳಿಯುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದೇ ಇದ್ದರೂ ವೈದ್ಯರನ್ನು ಕಾಣಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತ. ಸಿಲಿಕೋಸಿಸ್ ಮತ್ತು ಕ್ಷಯದ ಎಕ್ಸ್-ರೇ ಕೆಲವೊಮ್ಮೆ ಒಂದರಂತೆ ಒಂದು ಕಾಣುತ್ತವೆ. ಆದ್ದರಿಂದ ವೈದ್ಯರು ಕೇಳದಿದ್ದರೂ "ನಾನು ಕಲ್ಲು ಕೆತ್ತುತ್ತೇನೆ, ಇಷ್ಟು ವರ್ಷದಿಂದ" ಎಂದು ನೀವೇ ಹೇಳಬೇಕು. ಆ ಒಂದು ಮಾತಿನಿಂದ ಎಷ್ಟೋ ಸಲ ರೋಗ ಬೇಗ ಪತ್ತೆಯಾಗುತ್ತದೆ.

ಕೊನೆಯದಾಗಿ, ಹವ್ಯಾಸಿಗೆ ಉಳಿ ಕೆಳಗಿಡುವ ಸ್ವಾತಂತ್ರ್ಯವಿದೆ. ರಸ್ತೆ ಬದಿಯಲ್ಲಿ ಒರಳು, ಮೂರ್ತಿ ಕೆತ್ತಿ ಹೊಟ್ಟೆ ಹೊರೆಯುವವರಿಗೆ ಅದಿಲ್ಲ. ಅವರ ಬಳಿ ಕೆಲಸ ಕಲಿಯಲು ಹೋದಾಗ ಗುರುದಕ್ಷಿಣೆಯ ಜೊತೆಗೆ ಒಂದು ಕಟ್ಟು ಎನ್-95 ಮಾಸ್ಕನ್ನೂ ಕೊಟ್ಟು, ನೀರು ಚಿಮುಕಿಸುವ ಕಾರಣವನ್ನೂ ತಿಳಿಸಿ ಬನ್ನಿ.