ಅರ್ಧ ಗಂಟೆ ತಯಾರಿ, ಸಂಜೆಯಿಡೀ ಕಥೆಯಾಟ

ರಾತ್ರಿ ಕಥೆ ಹೇಳುವಾಗ ಮಕ್ಕಳು ಸುಮ್ಮನೆ ಕೇಳುತ್ತಾ ಕೂರುವುದಿಲ್ಲ. ‘ನಾನಾಗಿದ್ರೆ ಆ ಗವಿಯೊಳಗೆ ಹೋಗ್ತಾನೇ ಇರ್ಲಿಲ್ಲ’ ಎನ್ನುತ್ತದೆ ಒಂದು ಮಗು. ‘ನಾನು ಹಿಂದಿನಿಂದ ಹೋಗಿ ಹೆದರಿಸ್ತಿದ್ದೆ’ ಎನ್ನುತ್ತದೆ ಇನ್ನೊಂದು. ‘ಸರಿ, ಹಾಗಾದ್ರೆ ನೀನೇನು ಮಾಡ್ತೀಯೋ ಹೇಳು’ ಎಂದು ಕೈಗೆ ದಾಳ ಕೊಟ್ಟರೆ, ಅಲ್ಲಿಗೆ ಕಥೆ ಆಟವಾಯಿತು.

ಈ ಬಗೆಯ ಆಟಕ್ಕೆ ನಿಯಮ ಬರೆದು ಮೊದಲು ಮಾರುಕಟ್ಟೆಗೆ ತಂದವರು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. 1974ರಲ್ಲಿ ಬಂದ ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬೊಬ್ಬರದೂ ಒಂದೊಂದು ಪಾತ್ರ. ಒಬ್ಬರು ಮಾತ್ರ ಸೂತ್ರಧಾರ. ‘ಮುಂದೆ ಹೊಳೆ ತುಂಬಿ ಹರೀತಿದೆ, ಏನು ಮಾಡ್ತೀರಿ?’ ಎಂದು ಸೂತ್ರಧಾರ ಕೇಳಿದರೆ ಉಳಿದವರು ತಮ್ಮ ಪಾತ್ರವಾಗಿ ಉತ್ತರ ಕೊಡುತ್ತಾರೆ. ಅನುಮಾನ ಬಂದಲ್ಲಿ ದಾಳ ತೀರ್ಮಾನ ಹೇಳುತ್ತದೆ.

ಮೊದಲ ವಾರ ಆಟ ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಶುರುವಾಗುವುದು ಮೂರನೇ ವಾರ. ಭಾನುವಾರದ ಎರಡು ಗಂಟೆಯ ಆಟಕ್ಕೆ ಶನಿವಾರವೆಲ್ಲ ಕೂತು ಬರೆಯಬೇಕಾದರೆ ಯಾರಿಗೆ ಪುರಸೊತ್ತು? ಶಿಡ್ಲಘಟ್ಟದ ಕಡೆ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದರೆ ಮನೆಮಂದಿಗೆಲ್ಲ ಸೊಪ್ಪು ಕೊಯ್ದು ಹಾಕುವುದೇ ಕೆಲಸ. ಚಿಕ್ಕಬಳ್ಳಾಪುರದಿಂದ ದಿನಾ ಬೆಂಗಳೂರಿಗೆ ಹೋಗಿಬರುವ ಅಪ್ಪ ಅಮ್ಮಂದಿರಿಗೆ ಉಳಿಯುವುದೇ ಒಂದು ರಜೆ. ‘ಮುಂದಿನ ವಾರ ನೋಡೋಣ’ ಎಂದು ಎರಡು ಸಲ ಹೇಳಿದರೆ ಮಕ್ಕಳು ಕೇಳುವುದನ್ನೇ ಬಿಡುತ್ತಾರೆ. ಆಟ ಉಳಿಯಬೇಕಾದರೆ ತಯಾರಿ ಕಡಿಮೆಯಾಗಬೇಕು.

ಹಾರ್ಮೋನಿಯಂ ಮೇಷ್ಟ್ರಾಗಬೇಡಿ

ನಮ್ಮ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡಬೇಕೆಂದರೆ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಪ್ರತಿ ಮಾತೂ ಪ್ರತಿ ಪದ್ಯವೂ ಬಾಯಿಪಾಠ. ನಾಟಕಕ್ಕೆ ಅದು ಬೇಕು. ಕರಾವಳಿಯ ತಾಳಮದ್ದಳೆಯ ದಾರಿ ಬೇರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗ ಯಾವುದು, ತನ್ನ ಪಾತ್ರ ಎಂಥದ್ದು ಎಂಬುದು ಅರ್ಥಧಾರಿಗೆ ಗೊತ್ತಿರುತ್ತದೆ. ಮಾತು ಮಾತ್ರ ಎದುರಾಳಿಯ ಮಾತಿಗೆ ತಕ್ಕಂತೆ ಅಲ್ಲೇ ಹುಟ್ಟುತ್ತದೆ.

ಕಥೆಯಾಟದ ಸೂತ್ರಧಾರ ಹಿಡಿಯಬೇಕಾದ್ದು ಈ ಎರಡನೇ ದಾರಿ. ಮಕ್ಕಳು ಹೀಗೆ ಮಾಡಿದರೆ ಏನು, ಹಾಗೆ ಮಾಡಿದರೆ ಏನು ಎಂದು ಬರೆಯುತ್ತಾ ಹೋದರೆ ಮೊದಲ ಕವಲಿಗೆ 3 ದಾರಿ, ಎರಡನೆಯದಕ್ಕೆ 9, ಮೂರನೆಯದಕ್ಕೆ 27. ಅಷ್ಟನ್ನೂ ಬರೆದಿಟ್ಟರೂ ಮಕ್ಕಳು ಹಿಡಿಯುವುದು ಇಪ್ಪತ್ತೆಂಟನೆಯದನ್ನೇ! ಆದ್ದರಿಂದ ಮುಂದೆ ಏನಾಗುತ್ತದೆ ಎಂದು ಬರೆಯಬೇಡಿ. ಈಗ ಏನಾಗಿದೆ, ಯಾರಿಗೆ ಏನು ಬೇಕಾಗಿದೆ ಎಂಬುದನ್ನಷ್ಟೇ ಬರೆಯಿರಿ.

ಒಂದು ಹಾಳೆ ಸಾಕು

ಚಿಂತಾಮಣಿ ತಾಲ್ಲೂಕಿನ ಕೈವಾರವನ್ನೇ ತೆಗೆದುಕೊಳ್ಳಿ. ಮಹಾಭಾರತದ ಏಕಚಕ್ರಪುರ ಇದೇ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಎಂದು ಅಲ್ಲಿನವರ ನಂಬಿಕೆ. ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ, ಇದು ಬಕನ ಸರದಿ ಊಟ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅರ್ಧ ತಯಾರಿ ಆಗಿಯೇ ಹೋಗಿದೆ. ಉಳಿದದ್ದಕ್ಕೆ ಅರ್ಧ ಗಂಟೆ ಸಾಕು.

ಮೊದಲ 5 ನಿಮಿಷದಲ್ಲಿ ಆರಂಭದ ಘಟನೆ ಬರೆಯಿರಿ: ‘ನಾಳೆ ನಿಮ್ಮ ಗೆಳೆಯನ ಮನೆಯ ಸರದಿ. ಒಳಗೆ ಅವನಮ್ಮ ಅಳ್ತಿದ್ದಾರೆ.’ ಮಕ್ಕಳು ಇಲ್ಲಿ ಭೀಮ ಅಲ್ಲ, ಊರಿನ ಮಕ್ಕಳು.

ಮುಂದಿನ 5 ನಿಮಿಷಕ್ಕೆ ಮೂರು ಜಾಗ: ಗೆಳೆಯನ ಮನೆ, ಬಂಡಿಜಾಡು, ಬೆಟ್ಟದ ಗವಿ. ಒಂದೊಂದಕ್ಕೆ ಒಂದೊಂದೇ ಸಾಲು.

ಆಮೇಲಿನ 10 ನಿಮಿಷಕ್ಕೆ ಮೂವರು ಜನ. ಒಬ್ಬೊಬ್ಬರಿಗೆ ಬೇಕಾದ್ದೇನು, ಅಂಜಿಕೆ ಯಾವುದು, ಇಷ್ಟು ಬರೆದರೆ ಅವರ ಮಾತು ತಾನಾಗಿ ಬರುತ್ತದೆ. ಊರ ಯಜಮಾನನಿಗೆ ಹೇಗಾದರೂ ನಾಳೆ ಕಳೆದರೆ ಸಾಕು. ಬಕ ಊರಿಗೇ ನುಗ್ಗಿಬಿಟ್ಟಾನು ಎಂಬ ಅಂಜಿಕೆ. ಹಾಳೆಯ ಮೂಲೆಯಲ್ಲಿ ಎಂಟು ಹತ್ತು ಹೆಸರು ಬರೆದಿಟ್ಟುಕೊಳ್ಳಿ. ‘ಆ ಕುರಿ ಕಾಯೋನ ಹೆಸರೇನು?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ.

ಕೊನೆಯ 10 ನಿಮಿಷ ಗುಟ್ಟುಗಳಿಗೆ. ಐದು ಚೀಟಿ, ಐದು ಗುಟ್ಟು. ಬಕನಿಗೆ ಇರುಳಲ್ಲಿ ಕಣ್ಣು ಮಂಜು. ಗವಿಗೆ ಹಿಂದೆ ಇನ್ನೊಂದು ಬಾಯಿದೆ. ಯಜಮಾನನ ಮನೆಗೆ ಇದುವರೆಗೆ ಸರದಿಯೇ ಬಂದಿಲ್ಲ. ಬಂಡಿ ಹೊಡೆಯುವ ಮುದುಕ ಒಮ್ಮೆ ಗವಿಯ ತನಕ ಹೋಗಿ ಬದುಕಿ ಬಂದಿದ್ದಾನೆ. ಊರಿಗೆ ಐವರು ಅಣ್ಣತಮ್ಮಂದಿರು ತಾಯಿಯ ಜೊತೆ ಬಂದಿಳಿದಿದ್ದಾರೆ. ಕೊನೆಯದು ಪುರಾಣದ್ದು, ಉಳಿದವು ಆಟಕ್ಕಾಗಿ ಕಟ್ಟಿದವು.

ಗುಟ್ಟಿಗೆ ಜಾಗ ಕಟ್ಟಬೇಡಿ

ಕಡಿಮೆ ತಯಾರಿಯ ಬಗ್ಗೆಯೇ ಪುಸ್ತಕ ಬರೆದ ಅಮೆರಿಕದ ಮೈಕೆಲ್ ಶೇ ತಮ್ಮ ದಾರಿಯನ್ನು ಸೋಮಾರಿ ಸೂತ್ರಧಾರನ ದಾರಿ ಎಂದೇ ಕರೆದಿದ್ದಾರೆ. 2018ರ ಆ ಪುಸ್ತಕದಲ್ಲಿ ಅವರು ಹೇಳುವ ಒಂದು ಉಪಾಯ ಬಲು ಉಪಯೋಗದ್ದು: ಗುಟ್ಟು ಬರೆಯಿರಿ, ಅದು ಎಲ್ಲಿ ಸಿಗುತ್ತದೆ ಎಂದು ಬರೆಯಬೇಡಿ. ‘ಹಿಂದಿನ ಬಾಯಿ’ಯ ಸುದ್ದಿ ಮುದುಕನಿಂದಲೇ ಸಿಗಬೇಕೆಂದು ಗೊತ್ತುಮಾಡಿದರೆ, ಮಕ್ಕಳು ಮುದುಕನ ಹತ್ತಿರ ಹೋಗದಿದ್ದಾಗ ಆಟ ನಿಂತುಬಿಡುತ್ತದೆ. ಅವರು ಕುರಿ ಕಾಯುವವನನ್ನು ಕೇಳಿದರೆ ಅವನೇ ಹೇಳಲಿ. ಮಿಕ್ಕ ಚೀಟಿ ಮುಂದಿನ ವಾರಕ್ಕಾಗುತ್ತದೆ.

ದಾಳಕ್ಕೂ ದೊಡ್ಡ ನಿಯಮ ಬೇಡ. ಹಾವು–ಏಣಿ ಡಬ್ಬಿಯ ದಾಳವೇ ಸಾಕು. 5, 6 ಬಿದ್ದರೆ ಅಂದುಕೊಂಡದ್ದು ಆಯಿತು. 3, 4 ಬಿದ್ದರೆ ಆಯಿತು, ಆದರೆ ಒಂದು ತೊಡಕೂ ಬಂತು. 1, 2 ಬಿದ್ದರೆ ಆಗಲಿಲ್ಲ, ಜೊತೆಗೆ ಹೊಸದೇನೋ ಎದುರಾಯಿತು. ಏನೇ ಬಿದ್ದರೂ ಕಥೆ ಮುಂದಕ್ಕೆ ಹೋಗಲೇಬೇಕು.

ಊರೇ ನಕ್ಷೆ

ಹೊಸ ಲೋಕ ಕಟ್ಟುವುದಕ್ಕೆ ವಾರಗಳೇ ಬೇಕು. ನೋಡಿದ ಊರಿಗೆ ನಕ್ಷೆಯೂ ಬೇಡ. 1791ರಲ್ಲಿ ಟಿಪ್ಪುವಿನ ಕೈಯಲ್ಲಿದ್ದ ನಂದಿಬೆಟ್ಟದ ಕೋಟೆಗೆ ಕಾರ್ನ್‌ವಾಲಿಸನ ಸೇನೆ ಮುತ್ತಿಗೆ ಹಾಕಿತ್ತು. ಕೋಟೆಯೊಳಗಿಂದ ಒಂದು ಓಲೆ ಹೊರಗೆ ಹೋಗಬೇಕು, ಹೇಗೆ? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ಗದ್ದಲದ ನಡುವೆ ಒಂದು ಮೂಟೆ ಗೂಡು ಮಾಯವಾಗಿದೆ, ಹುಡುಕುವುದು ಯಾರು? ಇಲ್ಲಿ ರಾಕ್ಷಸನೂ ಬೇಕಾಗಿಲ್ಲ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 1938ರ ಏಪ್ರಿಲ್ 25ರಂದು ಅಲ್ಲಿ ಸೇರಿದ್ದ ಸತ್ಯಾಗ್ರಹಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಪ್ರಾಣ ಬಿಟ್ಟರು. ಆ ಸಾವುಗಳನ್ನು ದಾಳದ ಮೇಲಿಡುವುದು ಬೇಡ. ಹಿಂದಿನ ರಾತ್ರಿ ಬಾವುಟವನ್ನು ಬಚ್ಚಿಟ್ಟು ಊರಿಂದೂರಿಗೆ ಸಾಗಿಸುವ ಆಟವಾಡಿ, ಮರುದಿನ ನಿಜವಾಗಿ ನಡೆದದ್ದನ್ನು ಕಥೆಯಾಗಿ ಹೇಳಿ. ದೊಡ್ಡ ಮಕ್ಕಳಿಗೆ ಅದು ಮನಸ್ಸಿಗೆ ನಾಟುತ್ತದೆ.

ಏಳುವ ಮುನ್ನ ಒಂದು ಪ್ರಶ್ನೆ

ತಯಾರಿಯಲ್ಲಿ ಉಳಿಸಬಾರದ್ದೂ ಒಂದಿದೆ, ನೆನಪು. ಯಜಮಾನನ ಗುಟ್ಟನ್ನು ಮಕ್ಕಳು ಊರ ಮುಂದೆ ಬಯಲು ಮಾಡಿದ್ದರೆ, ಮುಂದಿನ ವಾರ ಅವನು ಏನೂ ಆಗದವನಂತೆ ನಗುತ್ತಾ ಬರಬಾರದು. ನಾವು ಮಾಡಿದ್ದಕ್ಕೆ ಬೆಲೆಯಿಲ್ಲ ಎಂದು ಮಕ್ಕಳಿಗೆ ತಕ್ಷಣ ಗೊತ್ತಾಗಿಬಿಡುತ್ತದೆ. ಬರೆದುಕೊಳ್ಳುವ ಕೆಲಸವನ್ನು ಮಕ್ಕಳಲ್ಲೇ ಒಬ್ಬರಿಗೆ ಕೊಡಿ. ಒಂದು ನೋಟ್‌ಬುಕ್, ದಿನಕ್ಕೆ ಐದು ಸಾಲು.

ಆಟ ಮುಗಿಸಿ ಏಳುವ ಮುನ್ನ ತಪ್ಪದೆ ಕೇಳಿ: ‘ಮುಂದಿನ ವಾರ ಎಲ್ಲಿಗೆ ಹೋಗ್ತೀರಿ?’ ಗವಿಗೆ ಎಂದರೆ ಗವಿಯೊಂದನ್ನೇ ತಯಾರು ಮಾಡಿದರಾಯಿತು. ಇಡೀ ವಾರದ ಕೆಲಸ ಉಳಿಸುವ ಪ್ರಶ್ನೆ ಇದು.

ಒಂದೇ ಹಾಳೆಯ ಕೆಲಸವೆಂದ ಮೇಲೆ ಅದು ದೊಡ್ಡವರಿಗೇ ಮೀಸಲಲ್ಲ. ನಾಲ್ಕು ವಾರ ಕಳೆಯಲಿ. ಹುಳುಮನೆಯಲ್ಲಿ ಕೆಲಸ ಹೆಚ್ಚಾದ ದಿನ ಹಾಳೆಯನ್ನೂ ದಾಳವನ್ನೂ ಹನ್ನೆರಡು ವರ್ಷದ ಮಗಳ ಕೈಗೆ ಕೊಡಿ. ಆಟವನ್ನು ಅವಳೇ ನಡೆಸುತ್ತಾಳೆ.